ಹುಳದ ಡಾಕ್ಟರ ಎಡೆ

ಗಿರಿಯಪ್ಪ ಒಳ್ಳೆಯ ಕೆಲಸ ಮಾಡಲು ಹೋಗಿ ಕೆಟ್ಟ. ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಅಪ್ಪನಿಗೊಂದು ಎಡೆ ಇಟ್ಟು, ಉಂಡು ಮಲಗಿದ್ದರೆ ಆಗುತ್ತಿತ್ತು. ಬೆಳಗ್ಗೆ ಜಗಲಿಯ ಮೇಲೆ ನಾಲ್ಕು ಜನರೆದುರು, "ಈ ಸಲ ಹುಳದ ಡಾಕ್ಟ್ರಿಗೂ ಒಂದು ಎಡೆ ಇಡ್ತೀನಿ" ಎಂದುಬಿಟ್ಟ.

ಹುಳದ ಡಾಕ್ಟ್ರು ಎಂದರೆ ಕೃಷಿ ವಿಜ್ಞಾನಿ ಕೇಶವಯ್ಯ. ಹಿಂದಿನ ವರ್ಷ, ಎಂಬತ್ತಮೂರನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಹಿಂದೆ ಮುಂದೆ ಯಾರೂ ಇರಲಿಲ್ಲ. ಅಜ್ಜಂಪುರದ ಸುತ್ತಿನ ಹತ್ತಿ ಹೊಲಗಳಲ್ಲಿ ತಿರುಗಿ ತಿರುಗಿ, ವಿಷ ಹೊಡೆಯಬೇಡಿ, ಬೇವಿನ ಬೀಜದ ಕಷಾಯ ಹೊಡೆಯಿರಿ, ಹಕ್ಕಿ ಕೂರಲು ಕೊಂಬೆ ನೆಡಿ ಎಂದು ಗಂಟಲು ಹರಿದುಕೊಂಡವರು. ಯಾರೂ ಕೇಳಲಿಲ್ಲ. ಗಿರಿಯಪ್ಪನೂ ಕೇಳಿರಲಿಲ್ಲ. ಒಂದು ದಿನ ಗಾಳಿಗೆದುರಾಗಿ ನಿಂತು ವಿಷ ಹೊಡೆಯುತ್ತಿದ್ದವನು ನೊರೆ ಕಾರುತ್ತ ಬದುವಿನ ಮೇಲೆ ಬಿದ್ದ. ಜೀಪಿನಲ್ಲಿ ಹಾಕಿಕೊಂಡು ತರೀಕೆರೆ ಆಸ್ಪತ್ರೆ ಮುಟ್ಟಿಸಿ ಜೀವ ಉಳಿಸಿದವರು ಅವರೇ. ಅಂದಿನಿಂದ ಗಿರಿಯಪ್ಪ ಅವರು ಹಾಕಿದ ಗೆರೆ ದಾಟಲಿಲ್ಲ. ಅವನ ಹತ್ತಿಯಲ್ಲಿ ಈಗ ಹುಡುಕಿದರೂ ಒಂದು ಕಾಯಿಕೊರಕ ಹುಳ ಸಿಗುತ್ತಿರಲಿಲ್ಲ. ಆ ಹೊಲವೆಂದರೆ ಅವನಿಗೆ ಪ್ರಾಣ.

"ಇಡು, ಬೇಡ ಅಂದೋರ್ಯಾರು?" ಎಂದ ಪಕ್ಕದ ಮನೆಯ ಚಿಕ್ಕಬೀರಪ್ಪ. ಊರಿನ ಶಾಸ್ತ್ರಗಳಿಗೆಲ್ಲ ಕರೆಯದಿದ್ದರೂ ಅವನದೇ ಯಜಮಾನಿಕೆ. "ಆದ್ರೆ ಸತ್ತೋರಿಗೆ ಇಷ್ಟವಾದ್ದು ಇಡ್ಬೇಕು ಕಣೋ. ನಿಮ್ಮಪ್ಪಂಗೆ ಬಾಡು, ಸಾರಾಯಿ, ಬೀಡಿ. ಡಾಕ್ಟ್ರಿಗೆ?"

ಗಿರಿಯಪ್ಪ ಹೆಂಡತಿಯ ಮುಖ ನೋಡಿದ. ಈರಕ್ಕ ಯೋಚಿಸಿ ಹೇಳಿದಳು: "ಪಾಯಸ ಕೊಟ್ರೆ ಸಕ್ಕರೆ ಕಾಯಿಲೆ ಅನ್ನೋರು. ಕಾಪಿ ಕೊಟ್ರೆ ಅಲ್ಲೇ ಬಿಟ್ಟೋಗೋರು. ಬಂದೋರೇ ‘ಹುಳ ಎಲ್ಲಿ, ಹುಳ ಎಲ್ಲಿ’ ಅಂತಿದ್ರು. ಒಂದು ಸಿಕ್ರೆ ಅಂಗೈ ಮೇಲೆ ಬಿಟ್ಕೊಂಡು, ಮೊಮ್ಮಗನ್ನ ಕಂಡಂಗೆ ನಗೋರು."

"ಮುಗೀತಲ್ಲ! ಹುಳಾನೇ ಇಡು."

"ಬೀರಣ್ಣ, ಅವರೇನು ಹುಳ ತಿಂತಿದ್ರಾ?" ಎಂದ ಗಿರಿಯಪ್ಪ.

"ನಿಮ್ಮಪ್ಪ ಬೀಡಿ ತಿಂತಿದ್ನಾ? ಇಡಲ್ವಾ?"

ಕಾಗೆ ಎಡೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಒಳಗೆ ಬಾಡಿನ ಸಾರು ಕುದಿಯುತ್ತಿತ್ತು, ಹೊರಗೆ ನೆಂಟರು ಕುದಿಯುತ್ತಿದ್ದರು. ಗಿರಿಯಪ್ಪ ಚೊಂಬು ಹಿಡಿದು ಹುಳ ಹುಡುಕಲು ಹೊರಟ.

ಮೊದಲು ಸಿಕ್ಕಿದ್ದು ಲಕ್ಕಣ್ಣನ ಹೊಲ. ಹುಳ ಕೇಳಿದ್ದಕ್ಕೆ ಲಕ್ಕಣ್ಣ ಕೆಂಡವಾದ. "ನನ್ನ ಹೊಲದಾಗೆ ಹುಳ ಐತೆ ಅಂದೋನು ಯಾವನು? ನಿನ್ನೆ ತಾನೇ ಎರಡು ಡಬ್ಬಿ ವಿಷ ಹೊಡ್ದಿದೀನಿ. ಸತ್ತಿರೋವು ಬೇಕಾದ್ರೆ ಬಳ್ಕೊಂಡು ಹೋಗು. ಸತ್ತೋರಿಗೆ ಸತ್ತಿದ್ದೇ ಸಾಲ್ದಾ?"

ಕೊನೆಗೆ ಕೈಹಿಡಿದವನು ತಮ್ಮಯ್ಯ. ಅವನು ವಿಷವನ್ನೂ ಹೊಡೆಯುತ್ತಿರಲಿಲ್ಲ, ಕಷಾಯವನ್ನೂ ಹೊಡೆಯುತ್ತಿರಲಿಲ್ಲ. ಬಿತ್ತಿದ ಮೇಲೆ ಹೊಲದ ಕಡೆ ತಲೆ ಹಾಕುವುದೇ ದಂಡ ಎನ್ನುವ ಸೋಮಾರಿ. ಅವನ ಬೆಳೆ ಬೇಕೆಂದು ಹುಟ್ಟಿದಾರಭ್ಯ ಒಬ್ಬರೂ ಮನೆ ಬಾಗಿಲಿಗೆ ಬಂದಿರಲಿಲ್ಲ. "ದಪ್ಪಂದಪ್ಪವು ಆರಿಸ್ಕೊಳಪ್ಪಾ, ಸಂಕೋಚ ಮಾಡ್ಕೊಬೇಡ" ಎಂದು ತಾನೇ ಚೊಂಬು ತುಂಬಿಸಿ, ಊಟದಲ್ಲಿ ಮೊದಲ ಪಂಕ್ತಿ ತನಗೆಂದು ಮಾತು ತೆಗೆದುಕೊಂಡು, ಜೊತೆಯಲ್ಲೇ ಬಂದ.

ಡಾಕ್ಟ್ರು ಯಾವತ್ತೂ ಜಗಲಿ ದಾಟಿ ಒಳಗೆ ಬಂದವರಲ್ಲ. ಹಾಗಾಗಿ ಎಡೆಯನ್ನು ಹೊಲದ ಬದುವಿನ ಮೇಲೆಯೇ ಮುತ್ತುಗದ ಎಲೆ ಹಾಸಿ ಇಟ್ಟರು. ಬಾಡು, ಬೀಡಿ ಹಾಕಿದಲ್ಲಿ ಬಿದ್ದಿರುತ್ತವೆ, ಹುಳ ಬಿದ್ದಿರುತ್ತದೆಯೇ? ಒಂದೊಂದಾಗಿ ಎಲೆಯ ಅಂಚು ಹತ್ತಿ ಇಳಿದು, ಗಿರಿಯಪ್ಪನ ಹತ್ತಿಯ ಕಡೆ ಹೊರಟವು.

"ಅಯ್ಯಯ್ಯೋ!" ಎಂದು ಅವನು ಹಿಡಿಯಲು ನುಗ್ಗಿದ.

"ಏಯ್! ಕಾಗೆ ಮುಟ್ಟೋಕೆ ಮುಂಚೆ ಎಡೆ ಮುಟ್ತೀಯೇನೋ?" ಚಿಕ್ಕಬೀರಪ್ಪ ರಟ್ಟೆ ಹಿಡಿದು ಎಳೆದ.

ಕಾಗೆಗಳೋ, ಅಂದು ಊರಿನ ಪ್ರತಿ ಹೆಂಚಿನ ಮೇಲೂ ಬಾಡು ತಿಂದು ತೇಗುತ್ತಿದ್ದವು. ಹುಳಗಳು ಮೊದಲ ಸಾಲಿಗೆ ಒಂದು ಮಾರು ದೂರದಲ್ಲಿದ್ದವು. ಗಿರಿಯಪ್ಪನಿಗೆ ಅಳು ಬಂತು. "ಡಾಕ್ಟ್ರೇ, ಅವತ್ತು ಜೀಪ್ ತಂದಂಗೆ ಈಗ್ಲೂ ಬೇಗ ಬನ್ರೀ!" ಎಂದು ಕೈಮುಗಿದ.

ಎಲ್ಲಿತ್ತೋ, ಒಂದು ಮುದಿ ಕಾಗೆ ಬಂದಿಳಿಯಿತು. ಒಂದು ಹುಳ ನುಂಗಿತು. ಅದಕ್ಕೆ ರುಚಿ ಹತ್ತಿತು. ಬಳಗವನ್ನೆಲ್ಲ ಕೂಗಿ ಕರೆಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬದುವಿನ ಮೇಲೆ ಒಂದು ಹುಳವೂ ಉಳಿಯಲಿಲ್ಲ.

ನೆರೆದವರ ಕಣ್ಣಲ್ಲಿ ನೀರು. "ಊರೆಲ್ಲ ಬಾಡಿಟ್ರೂ ಇಲ್ಲಿಗೇ ಬಂದ್ರಲ್ಲ! ಪಾಪ, ಡಾಕ್ಟ್ರು ಹಸ್ಕೊಂಡಿದ್ರು ಕಣ್ರೋ" ಎಂದು ಚಿಕ್ಕಬೀರಪ್ಪ ಬಿಕ್ಕಿದ. ಗದ್ದಲ ಕೇಳಿ ಓಡಿ ಬಂದಿದ್ದ ಲಕ್ಕಣ್ಣ, ಇನ್ನು ವಿಷದ ಡಬ್ಬಿ ಮುಟ್ಟುವುದಿಲ್ಲವೆಂದು ಆಣೆ ಇಟ್ಟ. ತಮ್ಮಯ್ಯನಂತೂ ಎದೆ ಬಡಿದುಕೊಂಡು, "ನಾಳೆನೇ ಬೇವಿನ ಕಷಾಯ ಹೊಡಿತೀನಿ. ನನ್ನ ಹೊಲದಾಗೆ ಒಂದು ಹುಳಾನೂ ಉಳಿಸಲ್ಲ!" ಎಂದ. ಡಾಕ್ಟ್ರು ವರ್ಷಗಟ್ಟಲೆ ಹೇಳಿ ಆಗದ್ದು ಒಂದು ಕಾಗೆಯಿಂದ ಆಯಿತಲ್ಲ ಎಂದು ಗಿರಿಯಪ್ಪನ ಮನಸ್ಸು ತುಂಬಿ ಬಂತು.

"ಇನ್ಮೇಲೆ ಅಮಾಸೆ ಅಮಾಸೆಗೂ ಅವರಿಗೆ ಎಡೆ ತಪ್ಪಬಾರ್ದು" ಎಂದ ಚಿಕ್ಕಬೀರಪ್ಪ.

"ಅದಕ್ಕೆ ಹುಳ ಎಲ್ಲಿಂದ ತರೋದು ಬೀರಣ್ಣ? ಊರೋರೆಲ್ಲ ಕಷಾಯ ಹೊಡಿತಾರಂತಲ್ಲ!" ಎಂದ ಗಿರಿಯಪ್ಪ.

ಎಲ್ಲರೂ ಗಿರಿಯಪ್ಪನ ಹೊಲದ ಕಡೆ ನೋಡಿದರು.

"ಡಾಕ್ಟ್ರು ಜೀವ ಉಳ್ಸಿದ್ದು ನಿಂದಲ್ವೇನಪ್ಪಾ? ನಾಕು ಸಾಲು ಹುಳಕ್ಕೆ ಅಂತ ಬಿಟ್ಬಿಡು" ಎಂದ ಚಿಕ್ಕಬೀರಪ್ಪ.

ಮರುದಿನ ಬೆಳಗ್ಗೆ, ತಮ್ಮಯ್ಯ ಕಷಾಯ ಹೊಡೆಯುವುದಕ್ಕೆ ಮೊದಲೇ ಗಿರಿಯಪ್ಪ ಅವನ ಮನೆಗೆ ಹೋಗಿ, ಆ ನಾಲ್ಕು ಸಾಲಿಗೆ ಬಿತ್ತನೆಗೆಂದು ಒಂದಷ್ಟು ಹುಳ ಕೇಳಿ ತಂದ.