ಇಬ್ಬರು ವೀರರ ನಡುವಿನ ಚಿತ್ರ

ತೋಟಪ್ಪ ಮಾಸ್ತರರು ಎರಡು ವೀರಗಲ್ಲುಗಳನ್ನು ಎದುರುಬದುರು ನಿಲ್ಲಿಸಿದ್ದೇ ತಪ್ಪಾಯಿತು.

ರೋಣದ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಅವರಿಗೆ ಹಳೆಯ ಶಿಲ್ಪವನ್ನೂ ಇಂದಿನ ಚಿತ್ರವನ್ನೂ ಒಂದೇ ಕೋಣೆಯಲ್ಲಿಟ್ಟು ತೋರಿಸುವ ಹಂಬಲ. ಸಂಜೆ ಧಾರವಾಡದ ಸಾಹೇಬರು ಬಂದು, ಮೆಚ್ಚಿದ ಚಿತ್ರವನ್ನು ಅಲ್ಲಿನ ದೊಡ್ಡ ಪ್ರದರ್ಶನಕ್ಕೆ ಆರಿಸುವವರಿದ್ದರು. ಹೊಲಕ್ಕೆ ಬುತ್ತಿ ಹೊತ್ತು ಹೊರಟ ಹೆಣ್ಣುಮಗಳನ್ನು ಮಾಸ್ತರರು ಬಾಗಿಲೆತ್ತರದ ಹಲಗೆಯ ಮೇಲೆ ಬರೆದಿದ್ದರು. ಆ ಚಿತ್ರದ ಮೇಲೆ ಅವರಿಗೆ ಎಲ್ಲಿಲ್ಲದ ಹೆಮ್ಮೆ. ಸುಳ್ಳೇಕೆ, ಅದು ಹೆಮ್ಮೆಪಡುವಂಥ ಚಿತ್ರವೇ ಆಗಿತ್ತು.

ತಮ್ಮೂರ ಕಲ್ಲಿನ ಜೊತೆ ಚಕ್ಕಡಿಯಲ್ಲಿ ಬಂದಿದ್ದ ಅಬ್ಬಿಗೇರಿಯ ದ್ಯಾಮಪ್ಪಗೌಡರು ಎದುರಿಗೆ ಯಾವಗಲ್ಲು ಎಂಬ ಊರಿನ ಕಲ್ಲು ಕಂಡು ಕೆಂಡವಾದರು.

"ಮಾಸ್ತರ, ಇಂವ ಯಾವಗಲ್ಲಿನಾಂವ ಅಲ್ಲೇನ್ರಿ? ನಮ್ಮ ಹಿರ್ಯಾನ್ನ ಕೊಂದಾಂವ! ಇವನ ಮಾರಿ ನೋಡ್ಕೋತ ನಮ್ಮಾಂವ ನಿಲ್ಲಬೇಕ?"

"ಮೊದಲ ಕತ್ತಿ ಹಿರದಾಂವ ನಿಮ್ಮಾಂವ!" ಎಂದು ಯಾವಗಲ್ಲಿನ ಹಿರಿಯ ಮಹಾಲಿಂಗಪ್ಪನವರು ಎದ್ದು ನಿಂತರು.

"ಒಂದರ ಮಾರಿ ಗ್ವಾಡಿ ಕಡೆ ತಿರಗಸೂಣೇನ್ರಿ?" ಎಂದು ಮಾಸ್ತರರು ಕೇಳಿದ್ದೇ ತಡ, ಎರಡೂ ಊರಿನವರು ಬಡಿಗೆ ಹುಡುಕತೊಡಗಿದರು.

ಶಾಲೆಯ ಸಿಪಾಯಿ ಕಾಶೀಂಸಾಬ ಉಪಾಯ ಹೇಳಿದ. "ನಡಕ ಒಂದು ಪಡದಾ ಹಾಕ್ರಿ ಸರ."

ಅಷ್ಟೆತ್ತರದ್ದು ಅಲ್ಲಿದ್ದದ್ದು ಮಾಸ್ತರರ ಚಿತ್ರವೊಂದೇ. ಅದನ್ನು ಅಬ್ಬಿಗೇರಿಯ ಕಲ್ಲಿನತ್ತ ಮುಖ ಮಾಡಿ ನಡುವೆ ನಿಲ್ಲಿಸಿದರು. ಅಬ್ಬಿಗೇರಿ ತಣ್ಣಗಾಯಿತು, ಯಾವಗಲ್ಲು ಬಿಸಿಯಾಯಿತು.

"ಅವರಿಗೆ ಬುತ್ತಿ, ನಮಗ ಬರೀ ಹಲಗಿ? ಇದ್ಯಾವ ನ್ಯಾಯರಿ?"

ಮಾಸ್ತರರು ಊಟ ಬಿಟ್ಟು ಹಲಗೆಯ ಹಿಂಬದಿಗೂ ಬುತ್ತಿ ಹೊತ್ತವಳೊಬ್ಬಳನ್ನು ಬರೆದರು. ಅವಳ ಬುಟ್ಟಿ ತುಸು ದೊಡ್ಡದಾಯಿತೆಂದು ಗೌಡರು ಮುನಿಸಿಕೊಂಡರು. ಮುಂಬದಿಯವಳ ಕೈಗೆ ಮೊಸರಿನ ಗಡಿಗೆ ಬಂತು. ಹಿಂಬದಿಯವಳಿಗೆ ಬೆಣ್ಣೆ. ಸಾಹೇಬರ ಮೋಟಾರು ಬಂದಾಗ ಮಾಸ್ತರರ ಮೀಸೆಯವರೆಗೂ ಬಣ್ಣ ಹತ್ತಿತ್ತು.

ಸಾಹೇಬರು ಚಿತ್ರವನ್ನು ಎರಡು ಸಲ ಸುತ್ತಿದರು.

"ಹಳೇ ವೀರರಿಗೆ ಇವತ್ತಿನ ಹೆಣ್ಣಮಕ್ಕಳು ಬುತ್ತಿ ತಂದಾರ! ಹಳೇದು ಹೊಸದು ಹಿಂಗ ಕೂಡಿದ್ದು ನಾ ಎಲ್ಲೂ ನೋಡಿಲ್ರಿ ಮಾಸ್ತರ. ನಾಳೆ ಮುಂಜಾನೆ ಬಸ್ಸಿಗೆ ಈ ಚಿತ್ರ ಧಾರವಾಡಕ್ಕ ಬರಲಿ."

ಮಾಸ್ತರರ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಬರುವಂತಾಯಿತು. ಸಾಹೇಬರು ಹೋದೊಡನೆ ಗೌಡರ ಬಳಿ ಓಡಿದರು.

"ಗೌಡ್ರ, ಚಕ್ಕಡಿ ಹೂಡ್ರಿ. ಕಲ್ಲು ಏರಸೂಣು, ಚಿತ್ರಾನ ನಡಕಿಂದ ತಗೀಬೇಕು."

"ನಾವು ಮೊದಲ? ಅಬ್ಬಿಗೇರಿ ವೀರ ಓಡಿಹ್ವಾದ ಅಂತ ಇವರು ಆಡ್ಕೊಳ್ಳಾಕ? ಮೊದಲ ಅವರು ಎತ್ತಲಿ."

"ನಮ್ಮಾಂವ ಇಷ್ಟ ವರ್ಷ ನಿಂತಾನ, ಇನ್ನೂ ನಿಲ್ತಾನ," ಎಂದರು ಮಹಾಲಿಂಗಪ್ಪನವರು.

"ಹಂಗಾರ ಚಿತ್ರ ಅಷ್ಟ ತಗೀಲೇನ್ರಿ?"

"ತಗದ ನೋಡ್ರಿ!" ಎಂದರು ಇಬ್ಬರೂ.

"ಹೋಗ್ಲಿ ಮಾರಾಯ್ರ, ಎರಡೂ ಕಲ್ಲು ಒಮ್ಮಿಗೇ ಎತ್ರಿ!"

ಈ ಮಾತು ಎಲ್ಲರಿಗೂ ಒಪ್ಪಿತು. ಆಳುಗಳು ಕಲ್ಲಿಗೆ ಕೈ ಹಚ್ಚಿ ಎತ್ತಿಯೂಬಿಟ್ಟರು. ಆಗ ಕಾಶೀಂಸಾಬ ಮೆಲ್ಲಗೆ ಕೆಮ್ಮಿದ.

"ಸರ, ಖೋಲಿಗೆ ಇರೋದು ಒಂದ ಬಾಗಲ. ಹೊರಗ ಮೊದಲ ಯಾರು?"

ಎರಡೂ ಕಲ್ಲುಗಳು ಇದ್ದಲ್ಲೇ ಕುಳಿತವು. ಗೌಡರು ತಮ್ಮ ವೀರನ ಪಕ್ಕ ಕಂಬಳಿ ಹಾಸಿ, ಮಾಸ್ತರರ ಬೆನ್ನು ತಟ್ಟಿದರು.

"ಚಿತ್ರ ಇಲ್ಲೇ ಇರಲಿ ಬಿಡ್ರಿ. ಇಂಥಾ ಇಬ್ಬರು ವೀರರ ನಡಕ ನಿಲ್ಲೂ ಮಾನ ಧಾರವಾಡದಾಗ ಸಿಗತೈತೇನು?"

"ಈ ಮಾತು ಖರೇ," ಎಂದು ಮಹಾಲಿಂಗಪ್ಪನವರು ಆ ದಿನ ಮೊದಲ ಬಾರಿಗೆ ಗೌಡರ ಮಾತಿಗೆ ತಲೆಯಾಡಿಸಿದರು.