ಭಾವನವರು ಹೂ ಬಿಡಿಸಿದ್ದು

ನಮ್ಮ ಭಾವನವರು ಜೀವಮಾನದಲ್ಲಿ ಒಂದು ಹೂವಿನ ಗಿಡ ನೆಟ್ಟವರಲ್ಲ, ನೆಟ್ಟ ಗಿಡಕ್ಕೆ ಒಂದು ತಂಬಿಗೆ ನೀರು ಹೊಯ್ದವರೂ ಅಲ್ಲ. ಆದರೂ ಬೆಳಗೋಡಿನ ಸುತ್ತಮುತ್ತ ಅವರಷ್ಟು ಹೂ ಬಿಡಿಸಿದವರು ಇನ್ನೊಬ್ಬರಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಏಕೆಂದರೆ ಅವರು ಹೂ ಬಿಡಿಸುತ್ತಿದ್ದುದು ಗಿಡದಿಂದಲ್ಲ, ತೊಗಲಿನ ಮೇಲೆ!

ನಮ್ಮದು ಲಿಂಗಪೂಜೆಯ ಮನೆ. ನಾನು ಸೊಸೆಯಾಗಿ ಬಂದಾಗ ಮೊದಲು ಕಲಿತದ್ದೇ ಚಪ್ಪಲಿಯನ್ನು ಅಂಗಳದಾಚೆ ಬಿಡುವುದನ್ನು. ನಮ್ಮ ಯಜಮಾನರ ಸೊಂಟದ ತೊಗಲು ಬೆಲ್ಟಿಗೂ ಹೊಸಿಲು ದಾಟುವ ಭಾಗ್ಯವಿರಲಿಲ್ಲ. ಅಂಥ ಮನೆಯ ಹಿರಿಮಗ ನಮ್ಮ ಭಾವನವರು, ವನಗೂರಿನ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು, ತೊಗಲಿಗೆ ಮನಸ್ಸು ಕೊಟ್ಟುಬಿಟ್ಟರು. ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹೊರಟ ಕಾಲ ಅದು. ಅವರ ದೊರೆ ಬಿಟ್ಟುಹೋದ ಹರಕು ಕುದುರೆ ಜೀನಿನ ಮೇಲೆ ಬಳ್ಳಿ, ಎಲೆ, ಹೂವು ಕೆತ್ತಿತ್ತಂತೆ. ಭಾವನವರು ಒಂದು ಗಂಟೆ ಅದನ್ನು ಸವರುತ್ತ ಕೂತರು. ಮಾರನೆಯ ವಾರ ಕೆಲಸ ಬಿಟ್ಟರು. ಮಾತುಕತೆಯಾಗಿದ್ದ ಹೆಣ್ಣನ್ನೂ ಬಿಟ್ಟರು ಎನ್ನುತ್ತಾರೆ, ಅದು ನನಗೆ ಸರಿಯಾಗಿ ಗೊತ್ತಿಲ್ಲ.

ಸಕಲೇಶಪುರದಲ್ಲಿ ಜೀನು ಹೊಲಿಯುವ ಸಾಬರೊಬ್ಬರಿದ್ದರು. ಅವರು ಹೊಲಿಗೆ ಕಲಿಸಿದರು. ಹೂವಿನ ಕೆತ್ತನೆ ಮಾತ್ರ ಅವರಿಗೂ ಬಾರದು. ಭಾವನವರು ಕೊಡೆಯ ಕಡ್ಡಿ, ಲಾಳದ ಮೊಳೆ ಎಲ್ಲವನ್ನೂ ಅರದಿಂದ ತೀಡಿ ತಾವೇ ಉಳಿ ಮಾಡಿಕೊಂಡರು. ಆರು ತಿಂಗಳು ಹೆಣಗಿ ಒಂದು ಗುಲಾಬಿ ಕೆತ್ತಿ ಸಾಬರ ಮುಂದಿಟ್ಟರು. ಸಾಬರು ಕನ್ನಡಕ ಏರಿಸಿ ನೋಡಿ, "ಕೋಸು ಪಸಂದಾಗೈತೆ ಸ್ವಾಮಿ" ಅಂದರು.

ಅಲ್ಲಿಂದ ಶುರುವಾಯಿತು ನೋಡಿ ತಪಸ್ಸು. ತೊಗಲನ್ನು ನೀರಿನಲ್ಲಿ ನೆನೆಸಿ, ಅದು ಒಣಗಿಯೂ ಒಣಗದ ಹದಕ್ಕೆ ಬಂದಾಗ ಕೆತ್ತಬೇಕು. ಹದ ನೋಡುವುದು ಕೆನ್ನೆಗೆ ಒತ್ತಿಕೊಂಡು, ತಣ್ಣಗಿರಬೇಕು, ಒದ್ದೆಯಿರಬಾರದು. ಒಮ್ಮೆ ಆಲೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೆನ್ನೆಗೆ ತೊಗಲಿನ ತುಂಡು ಒತ್ತಿಕೊಂಡೇ ಕೂತಿದ್ದರು. ಕಂಡಕ್ಟರಿಗೆ ಅಯ್ಯೋ ಪಾಪ ಅನ್ನಿಸಿ, "ಹಲ್ಲುನೋವಾ ಸ್ವಾಮಿ?" ಎಂದ.

"ಸುಮ್ಕಿರಪ್ಪ, ಇನ್ನೂ ಹದ ಬಂದಿಲ್ಲ" ಅಂದರು ಇವರು. ಹಲ್ಲು ಕೀಳಿಸಲೂ ಹದ ಕಾಯಬೇಕೇನೋ ಎಂದು ಬಸ್ಸಿನವರೆಲ್ಲ ತಮ್ಮ ತಮ್ಮ ದವಡೆ ಮುಟ್ಟಿ ನೋಡಿಕೊಂಡರಂತೆ.

ನಾನೂ ನಗುತ್ತಿದ್ದವಳೇ. ಒಂದು ದಿನ ಕಾಫಿ ಕೊಡಲು ಅವರು ಕೆಲಸ ಮಾಡುವ ಅಂಗಳದಾಚೆಯ ಸೌದೆ ಕೊಟ್ಟಿಗೆಗೆ ಹೋದೆ. ಎಸಳಿನ ಅಂಚನ್ನು ಚೂರಿಯಿಂದ ಗೀರಿ, ಅದರ ಹೊರಬದಿಗೆ ಮೆಲ್ಲಗೆ ಉಳಿ ತಟ್ಟುತ್ತಿದ್ದರು. ನನ್ನ ಕಣ್ಣೆದುರಿಗೇ ಚಪ್ಪಟೆ ತೊಗಲಿನಿಂದ ಎಸಳೊಂದು ಎದ್ದು ಬಂತು.

"ಹೆಂಗೆ ಎತ್ತಿದ್ರಿ ಭಾವ?"

"ಎತ್ತಕ್ಕೆ ಯಾರ ಕೈಲೂ ಆಗಕ್ಕಿಲ್ಲ ಕಣಮ್ಮ. ನಾನು ಹೂವ ಮುಟ್ಟೇ ಇಲ್ಲ. ಸುತ್ತಲ ನೆಲ ತಗ್ಗಿಸ್ದೆ, ಅದೇ ಎದ್ದೈತೆ."

ಕಾಫಿ ಆರಿ ತಣ್ಣೀರಾಯಿತು. ಇಬ್ಬರಿಗೂ ಅದರ ನೆನಪಿರಲಿಲ್ಲ.

ಆದರೆ ಈ ಹೂವನ್ನು ನೋಡಬೇಕಾದವರು ನೋಡುತ್ತಿರಲಿಲ್ಲ. ನಮ್ಮ ಅತ್ತೆ, ಅವರ ತಾಯಿ, "ತೊಗಲು ಮುಟ್ಟೋ ಕೈ ನನ್ನ ಅಡಿಗೆಮನೆಗೆ ಬ್ಯಾಡ" ಅಂದವರು ಮೂರು ವರ್ಷದಿಂದ ಮಗನೊಡನೆ ಮಾತೇ ಬಿಟ್ಟಿದ್ದರು. ಭಾವನವರ ಊಟದ ತಟ್ಟೆಯನ್ನು ನಾನು ಜಗಲಿಗೆ ಒಯ್ಯುತ್ತಿದ್ದೆ. ಕೊಟ್ಟಿಗೆಯ ಮುಂದೆ ಹಾಯುವಾಗ ಅತ್ತೆ ಮುಖ ತಿರುಗಿಸಿಕೊಂಡೇ ನಡೆಯುವರು. "ಒಂದ್ಸಲ ನೋಡ್ಲಿ ಕಣಮ್ಮ. ಚೆನ್ನಾಗಿಲ್ಲ ಅಂತಾನಾದ್ರೂ ಅನ್ಲಿ" ಎನ್ನುತ್ತಿದ್ದರು ಭಾವನವರು. ಅದೊಂದೇ ಅವರ ಆಸೆ.

ಒಂದು ಬೆಳಿಗ್ಗೆ ಅತ್ತೆಗೆ ಮಂಡಿನೋವು. ಪೂಜೆಗೆ ದಾಸವಾಳ ಕೀಳಲಾಗದೆ ಜಗಲಿಯಿಂದ ಕೂಗಿದರು: "ಒಂದೀಟು ಹೂ ಬಿಡಿಸ್ಕೊಡ್ರಪ್ಪ ಯಾರಾನ."

ನಾನು ಬುಟ್ಟಿ ಹಿಡಿದು ಓಡಿದೆ, ಕಿತ್ತು ತಂದೆ, ಪೂಜೆಯೂ ಮುಗಿಯಿತು. ಆದರೆ ಆ ಮಾತು ಕೊಟ್ಟಿಗೆಗೂ ಕೇಳಿಸಿತ್ತು! ಪೂಜೆ ಹೊತ್ತಿನಲ್ಲಿ ಹೂ ಬಿಡಿಸುವುದೆಂದರೆ ಲೋಕಕ್ಕೆಲ್ಲ ಕೀಳುವುದು. ಭಾವನವರಿಗೆ ಮಾತ್ರ ಕೆತ್ತುವುದು. ಅವ್ವ ಕೊನೆಗೂ ಕೇಳಿದ್ದಾಳೆ! ನಾಲ್ಕು ದಿನ ಭಾವನವರು ಕೊಟ್ಟಿಗೆ ಬಿಟ್ಟು ಏಳಲಿಲ್ಲ. ಒಯ್ದ ಊಟ ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ಐದನೆಯ ದಿನ ಮಧ್ಯಾಹ್ನ, ಒಂದು ಮೂಲೆ ಇನ್ನೂ ಖಾಲಿಯಿರುವಾಗಲೇ, ನೆನೆದು ಹದವಾಗಿದ್ದ ತೊಗಲನ್ನು ಹಲಗೆಯ ಸಮೇತ ಹೊತ್ತು ಅಂಗಳಕ್ಕೆ ಓಡಿ ಬಂದರು.

"ಅವ್ವ, ಬಿಡಿಸ್ದೆ."

ಅತ್ತೆ ಹೊಸಿಲಲ್ಲಿ ಕಣ್ಣು ಕಣ್ಣು ಬಿಟ್ಟರು. "ಏನ ಬಿಡಿಸ್ದೆ?"

"ಹೂವ. ನೀನೇ ಕೇಳ್ದಲ್ಲ."

ನನಗೆ ನಗು ಉಕ್ಕಿತು. ಭಾವನವರ ಮುಖ ನೋಡಿ ನುಂಗಿಕೊಂಡೆ. ಅತ್ತೆಗೂ ಅರ್ಥವಾಯಿತು. 'ನಾನು ಕೇಳಿದ್ದು ಅದಲ್ಲ' ಎನ್ನಬಹುದಿತ್ತು. ಅನ್ನಲಿಲ್ಲ. ಅಂಗಳಕ್ಕಿಳಿದು ಬಗ್ಗಿ ನೋಡಿದರು. ಬುದ್ಧಿ ಬಂದಾಗಿನಿಂದ ದಿನಾ ಹೂ ಕಿತ್ತು ಕಟ್ಟಿದ ಕಣ್ಣು ಅವರದು.

"ಎಲ್ಲಾ ಫೋಟೋಕ್ಕೆ ನಿಂತಂಗೆ ಮುಖ ತೋರ್ಕೊಂಡು ನಿಂತಾವಲ್ಲೋ. ಗಿಡದಲ್ಲಿ ಹಿಂಗಿರ್ತಾವಾ? ಒಂದು ಎಲೆ ಮರೆಗಿರ್ತದೆ, ಒಂದು ಬೆನ್ನು ತಿರುಗಿಸಿರ್ತದೆ. ಎಸಳು ಹಿಂಗೆ ಮಡಚ್ಕೊಂಡಿರ್ತದೆ, ಹಿಂಗೆ" ಎನ್ನುತ್ತ ಖಾಲಿ ಮೂಲೆಯಲ್ಲಿ ಉಗುರಿನಿಂದ ಗೆರೆ ಎಳೆದೇಬಿಟ್ಟರು. ತೊಗಲು ಆ ಗೆರೆಯನ್ನು ಹಾಗೇ ಹಿಡಿದುಕೊಂಡಿತು. ಎಂಥ ಗೆರೆ ಅಂತೀರಿ! ಭಾವನವರು ಮೂರು ವರ್ಷ ಹುಡುಕಿದ ಬಾಗು ಒಂದೇ ಎಳೆತಕ್ಕೆ ಬಂದಿತ್ತು.

ಅತ್ತೆ ತಮ್ಮ ಬೆರಳು ನೋಡಿಕೊಂಡರು.

"ನಾನೂ ಮುಟ್ಟಿದ್ನಲ್ಲ" ಅಂದರು. "ನಡಿ, ಇಬ್ರೂ ನೀರು ಹಾಕ್ಕೊಳಣ. ಆಮೇಲೆ ಒಳಕ್ಕೇ ಬಾ, ಅನ್ನ ಬಡಿಸ್ತೀನಿ."

ಭಾವನವರು ಹಲಗೆ ಕೆಳಗಿಟ್ಟು ಅಂಗಳದಲ್ಲೇ ಕುಸಿದು ಕೂತು ಅತ್ತರು. ನಲವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಏಳೋ, ನೀರು ಕಾದೈತೆ" ಅನ್ನುತ್ತಲೇ ಅತ್ತೆ ಮಂಡಿ ಹಿಡಿದುಕೊಂಡು ತಾವೂ ಅವರ ಪಕ್ಕ ನೆಲಕ್ಕೆ ಕೂತರು.