ಬ್ಯಾಟರಿ ಟರ್ಮಿನಲ್ಲೂ ನಮ್ಮ ಚಿಕ್ಕಿಯೂ

ಕುಮಟೆಯಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯಲು ಹೋಗುವುದಿದ್ದರೆ, ಸುತ್ತಮುತ್ತ ನಮ್ಮ ಚಿಕ್ಕಿ ಇದ್ದಾಳೋ ಎಂದು ಮೊದಲು ನೋಡಿಕೊಳ್ಳಿ. ನಮ್ಮ ಅಮ್ಮನ ಈ ತಂಗಿ ಕಾರು ಕದಿಯುವವಳಲ್ಲ. ಆದರೆ ಬಾನೆಟ್ ಎತ್ತಿಸಿ ಬ್ಯಾಟರಿಯ ಟರ್ಮಿನಲ್ ನೋಡದೆ ಬಿಡುವವಳೂ ಅಲ್ಲ! ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಅಕ್ಕೋರು. ಬೇರೆಯವರ ಪರ್ಸಿನಲ್ಲಿ ಬಾಚಣಿಗೆ ಇದ್ದರೆ ಇವಳದರಲ್ಲಿ ನಟ್ಟು ಬಿಚ್ಚುವ ಹತ್ತು ನಂಬರಿನ ಪಾನಾ, ಹಳೆಯ ಹಲ್ಲುಜ್ಜುವ ಬ್ರಶ್ಶು, ಅಡಿಗೆ ಸೋಡಾದ ಪೊಟ್ಟಣ.

ಸಮುದ್ರದ ಗಾಳಿಗೆ ನಮ್ಮ ಕಡೆಯ ಕಾರುಗಳ ಟರ್ಮಿನಲ್ಲಿಗೆ ಕಿಲುಬು ಹತ್ತುವುದು ಬೇಗ. ಹೊನ್ನಾವರದ ಮದುವೆಯೊಂದರಲ್ಲಿ ಊಟಕ್ಕೆ ಎಲೆ ಹಾಕಿದರೂ ಚಿಕ್ಕಿಯ ಪತ್ತೆಯಿಲ್ಲ. ಹುಡುಕಿದರೆ ಮದುಮಗನ ಕಾರಿನ ಬಳಿ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡಿಗೆಯವರನ್ನು ಕಾಡಿ ತಂದ ಬಿಸಿನೀರು ಹೊಯ್ಯುತ್ತಿದ್ದಳು. ಸೋಡಾ ಬುಸ್ಸೆಂದು ನೊರೆಯುಕ್ಕುತ್ತಿತ್ತು. ಡ್ರೈವರ್ ಕೈಕಟ್ಟಿ ನಿಂತಿದ್ದ.

"ಬಿಚ್ಚುವಾಗ ಮೈನಸ್ ಮೊದ್ಲು, ಹಾಕುವಾಗ ಮೈನಸ್ ಕಡೆಗೆ. ಆತಾ?"

"ಆತು ಅಕ್ಕೋರೆ."

ಚಿಕ್ಕಿ ಉಣ್ಣಲು ಕೂತಾಗ ಪಾಯಸ ಮುಗಿದಿತ್ತು. ಸಂಜೆ ಮದುಮಕ್ಕಳ ಕಾರು ಒಂದೇ ಸಲಕ್ಕೆ ಶುರುವಾದಾಗ, ಮದುವೆ ಮಾಡಿಸಿದ್ದೇ ತಾನು ಎಂಬಂತೆ ಕೈ ಬೀಸಿದಳು.

ಇಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಿರುತ್ತಿದ್ದೆವು. ಹೋದ ವರ್ಷ ಚಿಕ್ಕಪ್ಪನಿಗೆ, ಅಂದರೆ ಅವಳ ಗಂಡನಿಗೆ, ಪಾರ್ಶ್ವವಾಯು ಬಡಿಯಿತು. ಮಾತು ತಿರುಗಿ ಬಂತು, ನಡಿಗೆ ಬಂತು, ಬಲಗೈಗೆ ಮಾತ್ರ ಶಕ್ತಿ ಬರಲಿಲ್ಲ. ದಿನಾ ರಬ್ಬರ್ ಚೆಂಡು ಹಿಚುಕಿಸಿ ಎಂದರು ಡಾಕ್ಟರು. ಭಟ್ಕಳಕ್ಕೂ ಕುಮಟೆಗೂ ಮೂವತ್ತು ವರ್ಷ ಕಾರು ಓಡಿಸಿದ ಮನುಷ್ಯ ಕೇಳಬೇಕಲ್ಲ? "ಚೆಂಡಾಡಲೆ ನಾ ಎಂತ ಸಣ್ಣ ಮಾಣಿಯಾ?" ಎಂದು ಅದನ್ನು ಕಿಟಕಿಯಾಚೆ ಎಸೆದರು. ಎಡಗೈಯಿಂದ.

ಕಾರು ಮಾರಿಬಿಡಿ ಎಂದೆವು. ಚಿಕ್ಕಿ ಕಿವಿಗೇ ಹಾಕಿಕೊಳ್ಳಲಿಲ್ಲ. ಪ್ರತಿ ಭಾನುವಾರ ಫಳಫಳ ಹೊಳೆಯುವ ಟರ್ಮಿನಲ್ಲನ್ನೇ ಮತ್ತೆ ಬಿಚ್ಚಿ, ಉಜ್ಜಿ, ಚಿಕ್ಕಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಬಲಗೈಗೆ ಪಾನಾ ಕೊಡತೊಡಗಿದಳು.

"ನಂಗೆ ಬಿಗಿ ಮಾಡಲೆ ಬತ್ತಿಲ್ಲೆ. ನೀವೇ ಮಾಡಿ."

ಊರಿನ ಅರ್ಧ ಕಾರುಗಳ ನಟ್ಟು ಬಿಗಿದವಳ ಮಾತು ಇದು! ಚಿಕ್ಕಪ್ಪ ಬೈಯುತ್ತಲೇ ಬಿಗಿಯುವರು. ಅವರು ಒಳಗೆ ಹೋದ ಮೇಲೆ ಇವಳು ಎರಡು ಬೆರಳಲ್ಲಿ ನಟ್ಟು ತಿರುಗಿಸಿ ನೋಡುವಳು. ಅದು ಸಲೀಸಾಗಿ ಬಿಚ್ಚಿ ಬರುವುದು. "ಅಡ್ಡಿಲ್ಲೆ, ಮುಂದಿನ ವಾರ" ಎಂದು ತಾನೇ ಬಿಗಿದು ಬಾನೆಟ್ ಮುಚ್ಚುವಳು.

ಬಿಚ್ಚಿ ಬಿಗಿದು ಟರ್ಮಿನಲ್ಲೇ ಸವೆದುಹೋಯಿತು. ಮೂರನೆಯ ಜೋಡಿ ತರಲು ಹೋದಾಗ ನಾನೂ ಜೊತೆಗಿದ್ದೆ.

"ಅಕ್ಕೋರೆ, ಮನೇಲಿ ಎಷ್ಟು ಕಾರು?" ಎಂದ ಅಂಗಡಿಯವ.

"ಒಂದೇ."

"ಓಡ್ಸೂದು ಯಾರು?"

"ಸದ್ಯಕ್ಕೆ ಯಾರೂ ಇಲ್ಲ."

ಅವನು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಮೊನ್ನೆ ಭಾನುವಾರ ಹೊಸ ಟರ್ಮಿನಲ್ ಕೂರಿಸಿದರು. ಚಿಕ್ಕಪ್ಪ ಎಂದಿನಂತೆ ಬೈದು, ಬಿಗಿದು, ಒಳಗೆ ಹೋದರು. ಚಿಕ್ಕಿ ಬೆರಳಿಟ್ಟು ತಿರುಗಿಸಿದಳು. ನಟ್ಟು ಅಲುಗಲಿಲ್ಲ. ಪಾನಾ ಹಾಕಿದಳು, ಆಗಲೂ ಇಲ್ಲ.

"ತಮಾ, ನೀ ನೋಡು."

ನಾನು ಹಲ್ಲು ಕಚ್ಚಿ ತಿರುಗಿಸಿದೆ. "ಬತ್ತಿಲ್ಲೆ ಚಿಕ್ಕಿ."

ಅವಳು ಸ್ಟೂಲಿನ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಎಂತ ಆತೆ? ಸಡಿಲ ಇದ್ದಾ?" ಒಳಗಿನಿಂದ ಚಿಕ್ಕಪ್ಪ ಕೇಳಿದರು.

"ಇಲ್ಲೆ," ಎಂದಳು ಚಿಕ್ಕಿ ಕಣ್ಣೊರೆಸಿಕೊಳ್ಳುತ್ತ. "ಗಟ್ಟಿ ಇದ್ದು."